ಕೆಂಪು ಚುಕ್ಕೆ ಸುಳ್ಳು ಹೇಳತೊಡಗಿದಾಗ: ಆಟದೊಳಗಿನ ಅಂಗಡಿ ಮತ್ತು ನಿಮ್ಮ ಸಿಟ್ಟು

ಪ್ರಶ್ನೆ: ಐದು ವರ್ಷದಿಂದ ಒಂದೇ ಆನ್‌ಲೈನ್ ಆಟ ಆಡುತ್ತಿದ್ದೇನೆ. ದುಡ್ಡು ಕೊಟ್ಟು ಕೊಂಡ ಆಟ. ಮೊದಲೆಲ್ಲ ಲಾಗಿನ್ ಆದ ತಕ್ಷಣ ಆಡಬಹುದಿತ್ತು. ಈಗ ಮೂರು ಪಾಪ್-ಅಪ್ ಮುಚ್ಚಿದ ಮೇಲೆಯೇ ಲಾಬಿ (ಮ್ಯಾಚ್‌ಗೆ ಮುಂಚಿನ ಪರದೆ) ಕಾಣುವುದು. ಆಯುಧ ಬದಲಿಸಲು ಹೋದರೆ ಅಲ್ಲೂ 'ಇದನ್ನು ಕೊಳ್ಳಿ' ಅಂತ ಬರುತ್ತದೆ. ಅಂಗಡಿಯ ಬಟನ್ ಮೇಲೆ ದಿನಾ ಒಂದು ಕೆಂಪು ಚುಕ್ಕೆ. ಒಳಗೆ ಹೋಗಿ ನೋಡುವ ತನಕ ಅದು ಹೋಗುವುದೇ ಇಲ್ಲ. ಗೆಳೆಯರಿಗೆ ಹೇಳಿದರೆ 'ಬೇಡ ಅಂದ್ರೆ ಮುಚ್ಚು, ಅಷ್ಟಕ್ಕೆ ಯಾಕೆ ಸಿಟ್ಟು' ಅನ್ನುತ್ತಾರೆ. ನಾನು ಅತಿಯಾಗಿ ಆಡುತ್ತಿದ್ದೇನಾ? ಇದನ್ನು ಕಡಿಮೆ ಮಾಡಿಸಲು ಆಟಗಾರರ ಕೈಲಿ ಏನಾದರೂ ಆಗುತ್ತದಾ?

ಉತ್ತರ: ನೀವು ಅತಿಯಾಗಿ ಆಡುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಿಷಯದ ಬಗ್ಗೆ ನನಗೆ ಬರೆಯುವ ಸುಮಾರು ಜನ ಕೊನೆಗೆ 'ನನ್ನದೇ ತಪ್ಪಾ' ಅಂತ ಕೇಳಿರುತ್ತಾರೆ. ಹಲವು ವರ್ಷ ನಾನು ಆನ್‌ಲೈನ್ ಆಟಗಳಿಗೆ ಮೆನು, ಲಾಬಿ, ಬಟನ್‌ಗಳ ವಿನ್ಯಾಸ ಮಾಡಿದ್ದೇನೆ. ನೀವು ಹೇಳಿದಂಥ ಪರದೆಗಳನ್ನು ಮಾಡಿಕೊಟ್ಟಿದ್ದೇನೆ, ಬೇಡ ಅಂತ ವಾದವನ್ನೂ ಮಾಡಿದ್ದೇನೆ. ಹಾಗಾಗಿ ಒಳಗಿನ ಲೆಕ್ಕ ಹೇಗೆ ನಡೆಯುತ್ತದೆ ಅಂತ ನಿಮಗೆ ಬಿಡಿಸಿ ಹೇಳಬಲ್ಲೆ.

ಪಾಪ್-ಅಪ್ ಬಗ್ಗೆ ಎಲ್ಲರೂ ದೂರುತ್ತಾರೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕೆಂಪು ಚುಕ್ಕೆಯ ಮೇಲೆ. ನೋಡಲು ಚಿಕ್ಕದು. ಆದರೆ ಆಟಕ್ಕೂ ಆಟಗಾರರಿಗೂ ನಡುವೆ ಏನು ಕೆಡುತ್ತದೆ ಅನ್ನುವುದು ಅಲ್ಲೇ ಚೆನ್ನಾಗಿ ಕಾಣುತ್ತದೆ.

ಯಾವ ಆಟವೇ ಆಗಲಿ, ಮೊದಲ ಒಂದೆರಡು ಗಂಟೆಯಲ್ಲಿ ನಿಮಗೆ ಒಂದು ಭಾಷೆ ಕಲಿಸುತ್ತದೆ. ತಲೆಯ ಮೇಲೆ ಗುರುತು ಇರುವವರ ಹತ್ತಿರ ಕೆಲಸ ಸಿಗುತ್ತದೆ. ಹೊಳೆಯುವ ವಸ್ತುವನ್ನು ಎತ್ತಿಕೊಳ್ಳಬಹುದು. ಪರದೆಯ ಅಂಚು ಕೆಂಪಾದರೆ ಪೆಟ್ಟು ಬಿದ್ದಿದೆ. ಚುಕ್ಕೆ ಬಂದರೆ ನಿಮಗೆ ಏನೋ ಬಂದಿದೆ: ಗೆಳೆಯರ ಸಂದೇಶ, ಗೆದ್ದ ಬಹುಮಾನ, ಹೊಸದಾಗಿ ತೆರೆದ ಹಂತ. ಇದನ್ನು ಯಾರೂ ಕೂತು ಓದಿ ಕಲಿಯುವುದಿಲ್ಲ. ನೂರು ಸಲ ಆ ಗುರುತು ನಿಜ ಹೇಳಿರುತ್ತದೆ. ಆಮೇಲೆ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ವೇಗದ ಆಟದಲ್ಲಿ ಇದು ಬೇಕೇ ಬೇಕು. ಪ್ರತಿ ಗುರುತನ್ನೂ ಅನುಮಾನದಿಂದ ನೋಡುತ್ತಾ ಕೂತರೆ ಆಡಲು ಆಗುವುದಿಲ್ಲ.

ಈಗ ಅದೇ ಚುಕ್ಕೆಯನ್ನು ಅಂಗಡಿಯ ಬಟನ್ ಮೇಲೆ ಇಟ್ಟರೆ? ನಿಮ್ಮ ಕಣ್ಣು ಹಳೇ ಅಭ್ಯಾಸದಂತೆ ಹೋಗುತ್ತದೆ. ಬೆರಳೂ ಹೋಗುತ್ತದೆ. ಒಳಗೆ ನೋಡಿದರೆ ನಿಮಗಾಗಿ ಬಂದದ್ದು ಏನೂ ಇಲ್ಲ, ಮಾರಾಟಕ್ಕೆ ಒಂದು ಹೊಸ ಸ್ಕಿನ್, ಅಂದರೆ ಪಾತ್ರದ್ದೋ ಆಯುಧದ್ದೋ ಹೊಸ ವೇಷ, ಇದೆ. ಆಟ ನಿಮಗೆ ಕಲಿಸಿದ ಭಾಷೆಯಲ್ಲೇ ಆಟ ನಿಮಗೆ ಸುಳ್ಳು ಹೇಳಿತು. ಸಿಟ್ಟು ಬರುವುದು ಇದಕ್ಕೆ. ನಾಲ್ಕು ತಿಂಗಳು ಹೀಗೆ ಆದ ಮೇಲೆ ನೀವು ಯಾವ ಚುಕ್ಕೆಯನ್ನೂ ನಂಬುವುದಿಲ್ಲ. ಪರೀಕ್ಷೆಗೆ ಕೂರಿಸಿದ ಆಟಗಾರರಲ್ಲಿ ನಾನೇ ಇದನ್ನು ನೋಡಿದ್ದೇನೆ. ಅಂಚೆಪೆಟ್ಟಿಗೆಯಲ್ಲಿ ಪುಕ್ಕಟೆ ಬಹುಮಾನ ಬಿದ್ದಿರುತ್ತಿತ್ತು, ಮೇಲೆ ಚುಕ್ಕೆಯೂ ಇರುತ್ತಿತ್ತು. ಹಳೇ ಆಟಗಾರರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, 'ಅದು ಯಾವಾಗಲೂ ಇರುತ್ತಲ್ಲ' ಅನ್ನುತ್ತಿದ್ದರು.

ನಿಮ್ಮ ಗೆಳೆಯರ 'ಬೇಡ ಅಂದ್ರೆ ಮುಚ್ಚು' ಅನ್ನುವ ಮಾತಿಗೆ ನನ್ನ ಉತ್ತರ ಇಲ್ಲೇ ಇದೆ. ಮುಚ್ಚಲು ಎರಡು ಸೆಕೆಂಡ್ ಸಾಕು, ನಿಜ. ಪುಸ್ತಕ ಓದುವಾಗ ಯಾರೋ ಪುಟದ ಮೇಲೆ ಕೈ ಇಟ್ಟು ತೆಗೆದರೂ ಎರಡೇ ಸೆಕೆಂಡ್ ತಾನೇ? ಆದರೂ ಓದುತ್ತಿದ್ದ ಸಾಲು ತಪ್ಪುತ್ತದೆ, ಮತ್ತೆ ಯಾವಾಗ ಕೈ ಇಡುತ್ತಾರೋ ಅಂತ ಮನಸ್ಸು ಅರ್ಧ ಅಲ್ಲೇ ಇರುತ್ತದೆ. ಲಾಗಿನ್ ಆಗುವಾಗ ನೀವು ಒಂದು ಉದ್ದೇಶ ಇಟ್ಟುಕೊಂಡು ಬಂದಿರುತ್ತೀರಿ. ಗೆಳೆಯರು ಕಾಯುತ್ತಿರುತ್ತಾರೆ, ನಿನ್ನೆ ಸೋತ ಮ್ಯಾಚ್ ತಲೆಯಲ್ಲಿರುತ್ತದೆ. ಆ ಗಳಿಗೆಗೇ ಅಡ್ಡ ನಿಂತರೆ ಕಿರಿಕಿರಿ ಆಗದೆ ಇರುತ್ತದಾ?

ಆಯುಧದ ಮೆನುವಿನಲ್ಲಿ ಬರುವ ಜಾಹೀರಾತು ಇನ್ನೂ ಕೆಟ್ಟದ್ದು. ಅದು ನೀವು ಯೋಚನೆ ಮಾಡುವ ಜಾಗ. ಯಾವ ಬಂದೂಕು, ಯಾವ ಬಿಡಿಭಾಗ ಅಂತ ಹೋಲಿಸಿ ನೋಡುತ್ತಿರುತ್ತೀರಿ. ಅಲ್ಲಿ ಕಾಣುವುದೆಲ್ಲ ನಿಮ್ಮದೇ ಆಗಿರುತ್ತದೆ ಅನ್ನುವುದು ಹಳೇ ಒಪ್ಪಂದ. ನಡುವೆ ಒಂದು ಮಾರಾಟದ ಬಂಡಲ್ (ಹಲವು ಸಾಮಾನು ಸೇರಿಸಿದ ಕಟ್ಟು) ತೂರಿಸಿದರೆ, ಇದು ನನ್ನ ಹತ್ತಿರ ಇದೆಯಾ ಇಲ್ಲವಾ ಅಂತ ಪ್ರತಿ ಸಲ ನೋಡಬೇಕಾಗುತ್ತದೆ.

ಇದು ನಿಮ್ಮ ಒಬ್ಬರ ಅನುಭವ ಅಲ್ಲ. 2025ರಲ್ಲಿ ಕಾಲ್ ಆಫ್ ಡ್ಯೂಟಿಯ ನಾಲ್ಕನೇ ಸೀಸನ್ ಅಪ್‌ಡೇಟ್ ಬಂದಾಗ ಬ್ಲ್ಯಾಕ್ ಆಪ್ಸ್ 6 ಮತ್ತು ವಾರ್‌ಜೋನ್ ಆಟಗಳ ಲೋಡ್‌ಔಟ್ ಮೆನುವಿನಲ್ಲೇ, ಅಂದರೆ ಆಯುಧ ಆರಿಸುವ ಜಾಗದಲ್ಲೇ, ಆಯುಧದ ಬಂಡಲ್‌ಗಳ ಜಾಹೀರಾತು ಕಾಣಿಸಿತು. ಆಟಗಾರರು ಗಲಾಟೆ ಮಾಡಿದರು. ಕೆಲವೇ ದಿನಗಳಲ್ಲಿ ಆಟದ ಕಂಪನಿ ಆಕ್ಟಿವಿಷನ್ ಅದನ್ನು ತೆಗೆಯಿತು. ಅದೊಂದು ಪರೀಕ್ಷೆ, ತಪ್ಪಿ ಹೊರಬಿತ್ತು ಅಂತ ಹೇಳಿತು. 2023ರ ನವೆಂಬರ್‌ನಲ್ಲಿ ಅಸಾಸಿನ್ಸ್ ಕ್ರೀಡ್ ಒಡಿಸ್ಸಿ ಆಡುತ್ತಿದ್ದವರು ನಕ್ಷೆ ತೆರೆದರೆ ಪೂರ್ತಿ ಪರದೆಗೆ ಬೇರೊಂದು ಆಟದ ರಿಯಾಯಿತಿ ಜಾಹೀರಾತು ಬಂತು. ಅದೇ ಸರಣಿಯ ಹೊಸ ಆಟ ಮಿರಾಜ್‌ನದು. ಯೂಬಿಸಾಫ್ಟ್ ಕೊಟ್ಟ ಕಾರಣ ತಾಂತ್ರಿಕ ದೋಷ. 2020ರಲ್ಲಿ ಎನ್‌ಬಿಎ 2ಕೆ21 ಆಟದಲ್ಲಿ ಮ್ಯಾಚ್ ಶುರುವಾಗುವ ಮುಂಚೆ ಬಿಟ್ಟು ಮುಂದೆ ಹೋಗಲಾಗದ ಜಾಹೀರಾತು ಓಡಿತು. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟ ಅದು. ಅಲ್ಲಿ ಬರಬೇಕಾದದ್ದಲ್ಲ, ಸರಿಮಾಡುತ್ತೇವೆ ಅಂತ ಆಟದ ಕಂಪನಿಯವರು ಅಂದರು. ಅದೇ ವರ್ಷ ಯುಎಫ್‌ಸಿ 4 ಆಟದಲ್ಲಿ ಹೊಡೆತದ ಮರುಪ್ರಸಾರದ ನಡುವೆ ಒಂದು ಟಿವಿ ಸರಣಿಯ ಜಾಹೀರಾತು ಬಂತು. ಆಟ ಮಾರುಕಟ್ಟೆಗೆ ಬಂದು, ವಿಮರ್ಶೆಗಳೆಲ್ಲ ಬಂದು, ಕೆಲವು ವಾರ ಆದ ಮೇಲೆ. ಆಟದ ಕಂಪನಿ ಇಎ ಅದನ್ನು ನಿಲ್ಲಿಸಿತು. ಆಟಗಾರರಿಗೆ ಇದು ಬೇಡ ಅನ್ನುವುದು ಸ್ಪಷ್ಟವಾಗಿದೆ ಅಂತ ಒಪ್ಪಿಕೊಂಡಿತು.

ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಪ್ಪಿ ಬಂತು ಅನ್ನುವ ವಿವರಣೆಯನ್ನು ನಾನು ನಂಬುತ್ತೇನೆ. ಯಾವುದು ಯಾವ ದಿನ ಹೊರಗೆ ಹೋಗುತ್ತದೆ ಅನ್ನುವುದರಲ್ಲಿ ನಿಜವಾಗಿಯೂ ತಪ್ಪುಗಳಾಗುತ್ತವೆ. ಆದರೆ ಒಂದು ಜಾಹೀರಾತು ಆಯುಧದ ಮೆನುವಿನಲ್ಲಿ ಕಾಣಬೇಕಾದರೆ ಯಾರೋ ಅದಕ್ಕೆ ಜಾಗ ಮಾಡಿರಬೇಕು, ಚಿತ್ರ ಹಾಕಿರಬೇಕು, ಒತ್ತಿದರೆ ಅಂಗಡಿಗೆ ಹೋಗುವ ಹಾಗೆ ಜೋಡಿಸಿರಬೇಕು. ಅದು ಆಕಸ್ಮಿಕವಾಗಿ ಹುಟ್ಟುವ ವಸ್ತು ಅಲ್ಲ. ಇನ್ನೊಂದು ವಿಷಯ ನಿಮ್ಮ ಎರಡನೇ ಪ್ರಶ್ನೆಗೆ ಬೇಕಾದದ್ದು: ನಾಲ್ಕೂ ಕಡೆ ಆಟಗಾರರು ಮಾತಾಡಿದ ಮೇಲೆ ಕಂಪನಿಗಳು ಹಿಂದೆ ಸರಿದವು, ಇಲ್ಲವೇ ಸಮಜಾಯಿಷಿ ಕೊಟ್ಟವು.

ಹಾಗಾದರೆ ಮತ್ತೆ ಮತ್ತೆ ಯಾಕೆ ಮಾಡುತ್ತಾರೆ? ಸ್ವಲ್ಪ ಹಿಂದಕ್ಕೆ ಹೋಗಬೇಕು. 2006ರಲ್ಲಿ ಬೆಥೆಸ್ಡಾ ಕಂಪನಿ ಒಬ್ಲಿವಿಯನ್ ಆಟದ ಕುದುರೆಗೆ ಒಂದು ಕವಚ ಮಾಡಿ ಎರಡೂವರೆ ಡಾಲರ್‌ಗೆ ಮಾರಿತು. ಬೈದವರು ಬಹಳ. ಕೊಂಡವರೂ ಇದ್ದರು. 2009ರಲ್ಲಿ ಆಪಲ್ ಫೋನಿನ ಆಪ್‌ಗಳ ಒಳಗೇ ಖರೀದಿ ಮಾಡುವ ವ್ಯವಸ್ಥೆ ತಂದಿತು. ಮೊದಲು ದುಡ್ಡಿನ ಆಪ್‌ಗಳಿಗೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ಪುಕ್ಕಟೆ ಆಪ್‌ಗಳಿಗೂ. ಆಟ ಪುಕ್ಕಟೆ, ಒಳಗಿನ ಸಾಮಾನಿಗೆ ದುಡ್ಡು ಅನ್ನುವ ಪದ್ಧತಿ ಅಲ್ಲಿಂದ ಫೋನ್‌ಗಳಲ್ಲಿ ಬೇಗ ಹರಡಿತು.

ಈ ಪದ್ಧತಿಯ ಒಳಲೆಕ್ಕ ವಿಚಿತ್ರ. 2014ರಲ್ಲಿ ಸ್ವರ್ವ್ ಎಂಬ ಕಂಪನಿ ಪುಕ್ಕಟೆ ಮೊಬೈಲ್ ಆಟಗಳ ಅಂಕಿಗಳನ್ನು ಹೊರಗಿಟ್ಟಿತು. ಒಂದು ತಿಂಗಳಲ್ಲಿ ಆಡಿದವರ ಪೈಕಿ ದುಡ್ಡು ಕೊಟ್ಟವರು ಶೇಕಡಾ 1.5 ಮಾತ್ರ. ಒಟ್ಟು ವರಮಾನದ ಅರ್ಧದಷ್ಟು ಬಂದದ್ದು ಶೇಕಡಾ 0.15 ಆಟಗಾರರಿಂದ. ಅಂದರೆ ಸಾವಿರಕ್ಕೆ ಒಬ್ಬರೋ ಇಬ್ಬರೋ. ಆ ಒಬ್ಬರು ಯಾರು ಅಂತ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಸಾವಿರ ಜನರ ಮುಂದೆಯೂ ಅದೇ ಪಾಪ್-ಅಪ್ ಹಿಡಿಯುತ್ತಾರೆ. ನಿಮಗೆ ಬಂದ ಜಾಹೀರಾತು ನಿಮ್ಮನ್ನು ಹುಡುಕಿಕೊಂಡು ಬಂದದ್ದೇ ಅಲ್ಲ. ಯಾರನ್ನೋ ಹುಡುಕುವಾಗ ನೀವು ದಾರಿಯಲ್ಲಿದ್ದಿರಿ ಅಷ್ಟೆ. ಆಮೇಲೆ ದುಡ್ಡು ಕೊಟ್ಟು ಕೊಳ್ಳುವ ಆಟಗಳೂ ಇದೇ ಪದ್ಧತಿಯನ್ನು ಎರವಲು ತಂದವು. ನನ್ನ ಮಟ್ಟಿಗೆ ಅಲ್ಲೇ ನ್ಯಾಯ ತಪ್ಪಿತು. ಪುಕ್ಕಟೆ ಆಟಕ್ಕೆ ಸರ್ವರ್ ಖರ್ಚು, ಜನರ ಸಂಬಳ ಎಲ್ಲಿಂದಲೋ ಬರಬೇಕು. ಅದಕ್ಕಾಗಿ ಮಾರುವುದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಒಳಗೆ ಬರಲು ಟಿಕೆಟ್ ಕೊಟ್ಟವರನ್ನೂ ಬಾಗಿಲಲ್ಲೇ ತಡೆದು ಮಾರುವುದು ಬೇರೆ ಮಾತು.

ಈಗ ಒಂದು ಪಾಪ್-ಅಪ್ ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಯಾಕೆ ಸಾಯುವುದಿಲ್ಲ ಅಂತ ಹೇಳುತ್ತೇನೆ. ಹೊರಗಿನವರಿಗೆ ಕಾಣದ ಭಾಗ ಇದು. ನಾನು ಕಂಡಷ್ಟರಲ್ಲಿ ಬೇಕಂತಲೇ ಆಟಗಾರರನ್ನು ಗೋಳು ಹೊಯ್ದುಕೊಳ್ಳುವವರು ಬಹಳ ಕಡಿಮೆ. ಕೆಡಿಸುವುದು ಎಣಿಸುವ ಕ್ರಮ.

ಯಾರೋ ಒಬ್ಬರು ಲಾಗಿನ್ ಆದಾಗ ಹೊಸ ಬಂಡಲ್ ತೋರಿಸೋಣ ಅನ್ನುತ್ತಾರೆ. ಆಟಗಾರರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಪಾಪ್-ಅಪ್ ಬರುತ್ತದೆ, ಇನ್ನೊಂದಕ್ಕೆ ಇಲ್ಲ. ಇದಕ್ಕೆ ಎ/ಬಿ ಟೆಸ್ಟ್ ಅನ್ನುತ್ತಾರೆ. ಒಂದೆರಡು ವಾರ ನೋಡುತ್ತಾರೆ. ಪಾಪ್-ಅಪ್ ಕಂಡವರು ಅಂಗಡಿಗೆ ಜಾಸ್ತಿ ಹೋಗಿರುತ್ತಾರೆ, ಸ್ವಲ್ಪ ಜಾಸ್ತಿ ಕೊಂಡಿರುತ್ತಾರೆ. ದಿನಾ ಆಡಲು ಬರುವವರ ಸಂಖ್ಯೆ ಎರಡೂ ಗುಂಪಿನಲ್ಲಿ ಒಂದೇ ತರ ಇರುತ್ತದೆ. ಸರಿ, ಯಾರಿಗೂ ತೊಂದರೆ ಇಲ್ಲ, ಎಲ್ಲರಿಗೂ ಹಾಕೋಣ ಅಂತ ತೀರ್ಮಾನ ಆಗುತ್ತದೆ.

ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಆದರೆ ಎರಡು ವಾರದಲ್ಲಿ ಯಾರೂ ಆಟ ಬಿಡುವುದಿಲ್ಲ. ಬೇಸರ ನಿಧಾನವಾಗಿ ಸೇರುತ್ತದೆ. ಐದು ವರ್ಷ ಆಡಿದವರು ಒಂದು ಸಂಜೆ ಲಾಗಿನ್ ಆಗದೆ ಸುಮ್ನೆ ಇರುತ್ತಾರೆ, ಮರುದಿನವೂ ಅಷ್ಟೆ, ತಿಂಗಳ ಮೇಲೆ ಆಟ ತೆಗೆದುಹಾಕುತ್ತಾರೆ. ಆ ಹೊತ್ತಿಗೆ ಟೆಸ್ಟ್ ಮುಗಿದು ಎಷ್ಟೋ ದಿನ ಆಗಿರುತ್ತದೆ. ಅವರು ಬಿಟ್ಟದ್ದು ಪಾಪ್-ಅಪ್ ಕಾರಣಕ್ಕೆ ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ. ಇನ್ನೊಂದು ಮೋಸವೂ ಆ ಲೆಕ್ಕದೊಳಗೆ ಇರುತ್ತದೆ. ಈ ವಾರ ಪಾಪ್-ಅಪ್ ನೋಡಿ ಕೊಂಡವರಲ್ಲಿ ಕೆಲವರು ಮುಂದಿನ ವಾರ ತಾವಾಗಿಯೇ ಕೊಳ್ಳುತ್ತಿದ್ದರು. ವ್ಯಾಪಾರ ಹೆಚ್ಚಿದ್ದಲ್ಲ, ಬೇಗ ಆದದ್ದು. ಎರಡು ವಾರದ ಕಿಟಕಿಯಲ್ಲಿ ಎರಡೂ ಒಂದೇ ತರ ಕಾಣುತ್ತವೆ.

ಇನ್ನು ನಾನು ಕಣ್ಣಾರೆ ಕಂಡದ್ದು. ನಾನಿದ್ದ ಒಂದು ಕಡೆ ಅಂಗಡಿಯ ತಂಡ ಬೇರೆ, ಸೀಸನ್ ಪಾಸ್ (ಆಡುತ್ತಾ ಹೋದಂತೆ ಬಹುಮಾನ ತೆರೆಯುವ ಪಾಸ್) ತಂಡ ಬೇರೆ, ಹಬ್ಬದ ಈವೆಂಟ್‌ಗಳ ತಂಡ ಬೇರೆ. ಪ್ರತಿ ತಂಡಕ್ಕೂ ತನ್ನದೇ ಗುರಿ. ಮೊದಲ ತಂಡ ಒಂದು ಪಾಪ್-ಅಪ್ ಹಾಕಿತು, ಟೆಸ್ಟ್ ಪಾಸಾಯಿತು. ಎರಡನೇ ತಂಡ ಹಾಕಿತು. ಅವರ ಟೆಸ್ಟ್‌ನಲ್ಲಿ ಹೋಲಿಕೆ ಆದದ್ದು ಆಗಲೇ ಒಂದು ಪಾಪ್-ಅಪ್ ಇದ್ದ ಆಟದ ಜೊತೆ. ಅದೂ ಪಾಸಾಯಿತು. ಮೂರನೆಯದೂ ಹಾಗೆಯೇ. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಿತಸ್ಥ ಅಲ್ಲ. ಒಟ್ಟಿಗೆ ಸೇರಿದಾಗ ಆಟಗಾರ ಆಡುವ ಮುಂಚೆಯೇ ಸುಸ್ತು. 'ಪಾಪ್-ಅಪ್ ಒಂದೂ ಇಲ್ಲದ ಆಟ' ಅನ್ನುವುದನ್ನು ಯಾರೂ ಅಳೆಯಲೇ ಇಲ್ಲ, ಯಾಕೆಂದರೆ ಅದು ಆಗಲೇ ಉಳಿದಿರಲಿಲ್ಲ. ಲಾಗಿನ್ ಪರದೆಗೆ ಒಡೆಯರು ಇಲ್ಲದಿದ್ದದ್ದೇ ಮೂಲ ಸಮಸ್ಯೆ. ಒಂದು ಲಾಗಿನ್‌ಗೆ ಒಂದೇ ಪಾಪ್-ಅಪ್ ಅಂತ ನಿಯಮ ಮಾಡಿ ಎಂದು ನಾನು ತಿಂಗಳುಗಟ್ಟಲೆ ಕೇಳಿದೆ. ಒಪ್ಪಲಿಲ್ಲ. ಆ ದಿನಗಳ ಬೇಸರ ಇವತ್ತಿಗೂ ನನ್ನಲ್ಲಿದೆ. ಎದುರಿಗೆ ಕೂತು ವಾದ ಮಾಡುತ್ತಿದ್ದವರೂ ಮನೆಗೆ ಹೋಗಿ ಅದೇ ಆಟ ಆಡುತ್ತಿದ್ದರು, ಅದೇ ಪಾಪ್-ಅಪ್ ಮುಚ್ಚುತ್ತಿದ್ದರು.

ಇಲ್ಲಿಯ ತನಕ ಹೇಳಿದ್ದು ಕಿರಿಕಿರಿಯ ಮಾತು. ಅದನ್ನು ದಾಟಿ ಮೋಸದ ಕಡೆಗೆ ಹೋಗುವ ವಿನ್ಯಾಸಗಳೂ ಇವೆ. ಮುಚ್ಚುವ ಗುರುತು ಐದು ಸೆಕೆಂಡ್ ತಡವಾಗಿ ಬರುವುದು, ಬಂದರೂ ಬೆರಳಿಗೆ ಸಿಗದಷ್ಟು ಚಿಕ್ಕದಿರುವುದು. 'ಇನ್ನು ಎರಡೇ ಗಂಟೆ' ಅಂತ ಇಳಿಯುವ ಗಡಿಯಾರ ಮರುದಿನ ಮತ್ತೆ ಮೊದಲಿಂದ ಶುರುವಾಗುವುದು. ಸಾಮಾನಿನ ಬೆಲೆ 800 ಕಾಯಿನ್, ಆದರೆ ಕಾಯಿನ್ ಸಿಗುವುದು 500 ಅಥವಾ 1000ದ ಕಟ್ಟುಗಳಲ್ಲಿ. ಉಳಿದ 200 ನಿಮ್ಮನ್ನು ಮತ್ತೆ ಅಂಗಡಿಗೆ ಎಳೆಯುತ್ತದೆ. ಮತ್ತೊಂದು, ನಿನ್ನೆ ತನಕ 'ಆಡು' ಬಟನ್ ಇದ್ದ ಜಾಗಕ್ಕೆ ಇವತ್ತು 'ಕೊಳ್ಳು' ಬಟನ್ ಬರುವುದು. ಇಂಥವಕ್ಕೆ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸ ತಜ್ಞರು 2010ರಲ್ಲಿ ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟರು. ಈಗ ಕಾನೂನಿನವರೂ ಅದೇ ಮಾತು ಬಳಸುತ್ತಾರೆ.

ಬಟನ್ ಎಲ್ಲಿರುತ್ತದೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ಒಂದು ಪ್ರಕರಣದಿಂದ ಗೊತ್ತಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ಹಿತ ಕಾಯುವ ಸಂಸ್ಥೆ ಎಫ್‌ಟಿಸಿ, ಫೋರ್ಟ್‌ನೈಟ್ ಮಾಡುವ ಎಪಿಕ್ ಗೇಮ್ಸ್ ವಿರುದ್ಧ ಒಂದು ತೀರ್ಮಾನ ಪ್ರಕಟಿಸಿತು. ಬಟನ್‌ಗಳ ಜೋಡಣೆ ಗೊಂದಲ ಹುಟ್ಟಿಸುವಂತಿತ್ತು, ಒಂದೇ ಒತ್ತಿಗೆ ದುಡ್ಡು ಹೋಗುತ್ತಿತ್ತು ಅನ್ನುವುದು ಆರೋಪ. ಆಟ ಲೋಡ್ ಆಗುವಾಗ, ಮಲಗಿದ್ದ ಆಟವನ್ನು ಎಬ್ಬಿಸುವಾಗ, ಸಾಮಾನನ್ನು ಸುಮ್ನೆ ನೋಡಲು ಹೋದಾಗ ಪಕ್ಕದ ಬಟನ್ ತಾಗಿ ಖರೀದಿ ಆಗುತ್ತಿತ್ತಂತೆ. ಆಟಗಾರರಿಗೆ ಹಿಂದಿರುಗಿಸಲು ಎಪಿಕ್ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಮಕ್ಕಳ ಖಾಸಗಿ ಮಾಹಿತಿಗೆ ಸಂಬಂಧಿಸಿದ 27.5 ಕೋಟಿ ಡಾಲರ್ ದಂಡ ಬೇರೆ. ಬೆರಳಿನ ಅಭ್ಯಾಸವನ್ನು ದುಡ್ಡಾಗಿ ಮಾಡಿಕೊಳ್ಳುವುದು ಎಷ್ಟು ಗಂಭೀರ ಅಂತ ಈ ಮೊತ್ತವೇ ಹೇಳುತ್ತದೆ.

ಕಾನೂನು ಎಲ್ಲಿಗೆ ಬಂದಿದೆ ಅಂತ ಬೇಗ ಹೇಳಿ ಮುಗಿಸುತ್ತೇನೆ. 2018ರಲ್ಲಿ ಬೆಲ್ಜಿಯಂ ದುಡ್ಡಿನ ಲೂಟ್ ಬಾಕ್ಸ್‌ಗಳನ್ನು, ಅಂದರೆ ಒಳಗೇನಿದೆ ಅಂತ ತಿಳಿಯದೆ ಕೊಳ್ಳುವ ಪೆಟ್ಟಿಗೆಗಳನ್ನು, ಜೂಜು ಅಂತ ಪರಿಗಣಿಸಿತು. 2025ರ ಜನವರಿಯಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಕಂಪನಿ ಎಫ್‌ಟಿಸಿಗೆ 2 ಕೋಟಿ ಡಾಲರ್ ಕೊಡಲು ಒಪ್ಪಿತು. ಹೆತ್ತವರ ಒಪ್ಪಿಗೆ ಇಲ್ಲದೆ 16 ವರ್ಷದೊಳಗಿನವರಿಗೆ ಲೂಟ್ ಬಾಕ್ಸ್ ಮಾರಬಾರದು ಅನ್ನುವುದು ಅದರಲ್ಲಿನ ಒಂದು ಷರತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಯುರೋಪಿನ ಗ್ರಾಹಕ ಸಂರಕ್ಷಣಾ ಸಂಸ್ಥೆಗಳು ಆಟದ ಕಾಯಿನ್‌ಗಳ ಬಗ್ಗೆ ತತ್ವಗಳನ್ನು ಪ್ರಕಟಿಸಿದವು. ನಿಜವಾದ ದುಡ್ಡಿನಲ್ಲಿ ಬೆಲೆ ತೋರಿಸಬೇಕು, ಬೇಡದಷ್ಟು ಕಾಯಿನ್ ಕೊಳ್ಳುವಂತೆ ಮಾಡಬಾರದು ಅನ್ನುವುದು ಅವುಗಳಲ್ಲಿವೆ. ಗೂಗಲ್ ಪ್ಲೇ 2022ರ ಸೆಪ್ಟೆಂಬರ್ 30ರಿಂದ ಆಟದ ನಡುವೆ ಅನಿರೀಕ್ಷಿತವಾಗಿ ಪೂರ್ತಿ ಪರದೆ ತುಂಬುವ ಜಾಹೀರಾತನ್ನು, 15 ಸೆಕೆಂಡ್ ಕಳೆದರೂ ಮುಚ್ಚಲಾಗದ ಜಾಹೀರಾತನ್ನು ನಿಷೇಧಿಸಿದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ, ಆಡಬೇಕಾದರೆ ಜಾಹೀರಾತು ನೋಡಲೇಬೇಕು ಅಂತ ಆಟ ಹೇಳುವಂತಿಲ್ಲ. ಆದರೆ ಸ್ಟೀಮ್‌ನ ಈ ನಿಯಮ ಬೇರೆಯವರಿಂದ ದುಡ್ಡು ಪಡೆದು ಹಾಕುವ ಜಾಹೀರಾತಿಗೆ. ಆಟ ತನ್ನದೇ ಅಂಗಡಿಯನ್ನು ಕೂಗಿ ಹೇಳಿದರೆ ಅದು ತಾಗುವುದಿಲ್ಲ. ನಿಮ್ಮ ಮೂರು ಪಾಪ್-ಅಪ್ ಸರಿಯಾಗಿ ಈ ಸಂದಿಯಲ್ಲೇ ಕೂತಿವೆ. ಅಲ್ಲಿ ಕಾನೂನಿಗಿಂತ ಆಟಗಾರರ ಮಾತಿಗೇ ತೂಕ ಜಾಸ್ತಿ.

ಅಂಗಡಿ ಇದ್ದೂ ಕೂಗಾಟ ಬೇಕಾಗದಂತೆ ಕಟ್ಟಿದ ಆಟಗಳೂ ಇವೆ. ಹೆಲ್‌ಡೈವರ್ಸ್ 2 ಆಟದ ವಾರ್‌ಬಾಂಡ್‌ಗಳಿಗೆ, ಅಂದರೆ ಬಹುಮಾನದ ಪಾಸ್‌ಗಳಿಗೆ, ಕೊನೆಯ ದಿನಾಂಕ ಇಲ್ಲ. ಅದನ್ನು ಕೊಳ್ಳುವ ನಾಣ್ಯ ಆಡುತ್ತಾ ಹೋದರೂ ಸಿಗುತ್ತದೆ. ಹೇಲೋ ಇನ್ಫಿನಿಟ್‌ನ ಬ್ಯಾಟಲ್ ಪಾಸ್ ಕೊಂಡರೆ ಅದು ನಿಮ್ಮ ಹತ್ತಿರವೇ ಉಳಿಯುತ್ತದೆ, ವರ್ಷ ಬಿಟ್ಟು ಬಂದರೂ ಮುಂದುವರಿಸಬಹುದು. ಡೀಪ್ ರಾಕ್ ಗ್ಯಾಲಕ್ಟಿಕ್‌ನ ಸೀಸನ್‌ಗಳು ಪುಕ್ಕಟೆ, ತಪ್ಪಿಸಿಕೊಂಡ ಸಾಮಾನು ಆಮೇಲೂ ಆಟದಲ್ಲೇ ಸಿಗುತ್ತದೆ. ಇವುಗಳನ್ನು ಹತ್ತಿರದಿಂದ ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಪಾಪ್-ಅಪ್‌ನ ಬೇರು ಗಡಿಯಾರದಲ್ಲಿದೆ. ಸಾಮಾನು ಭಾನುವಾರಕ್ಕೆ ಮಾಯವಾಗುತ್ತದೆ ಅಂದರೆ ಶನಿವಾರದೊಳಗೆ ಎಲ್ಲರಿಗೂ ಕೂಗಿ ಹೇಳಲೇಬೇಕು. ಮಾಯವಾಗದ ಸಾಮಾನಿಗೆ ಆ ಆತುರ ಇಲ್ಲ. ಆದ್ದರಿಂದ 'ಪಾಪ್-ಅಪ್ ತೆಗೆಯಿರಿ' ಅನ್ನುವುದರ ಜೊತೆಗೆ 'ಗಡುವು ತೆಗೆಯಿರಿ' ಅಂತಲೂ ಕೇಳಬೇಕು.

ಇನ್ನು ನಿಮ್ಮ ಕೈಲಿ ಏನಾಗುತ್ತದೆ ಅನ್ನುವ ಪ್ರಶ್ನೆ. ಎಣಿಕೆಯ ಮಾತು ಇಷ್ಟು ಉದ್ದ ಹೇಳಿದ್ದೇ ಇದಕ್ಕಾಗಿ. ನಿಮ್ಮ ಬೇಸರ ಅವರ ಲೆಕ್ಕದಲ್ಲಿ ಕಾಣುತ್ತಿಲ್ಲ. ಅದನ್ನು ಕಾಣುವಂತೆ ಮಾಡುವುದೇ ನಿಮ್ಮ ಕೆಲಸ.

ಮೊದಲು ಕೆಂಪು ಚುಕ್ಕೆ. ಅದನ್ನು ಅಳಿಸಲು ದಿನಾ ಅಂಗಡಿಯೊಳಗೆ ಹೋಗಿ ಬರುತ್ತೀರಿ ಅಲ್ವಾ? ಅವರ ಪಟ್ಟಿಯಲ್ಲಿ ಅದು 'ಅಂಗಡಿಗೆ ಬಂದರು' ಅಂತ ದಾಖಲಾಗುತ್ತದೆ. ಚುಕ್ಕೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ನೀವೇ ಸಾಕ್ಷಿ ಆಗುತ್ತಿದ್ದೀರಿ. ಅದನ್ನು ಹಾಗೇ ಬಿಡಿ. ಮೊದಲ ವಾರ ಕಷ್ಟ, ಕಣ್ಣಿಗೆ ಕಸ ಬಿದ್ದ ಹಾಗೆ ಅನ್ನಿಸುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ. ಪಾಪ್-ಅಪ್‌ಗೂ ಇದೇ ಮಾತು. ಕುತೂಹಲಕ್ಕೂ ಅದನ್ನು ಒತ್ತಬೇಡಿ. ಅದರಲ್ಲಿರುವ ಸಾಮಾನು ನಿಜವಾಗಿಯೂ ಬೇಕು ಅನ್ನಿಸಿದರೆ ಮುಚ್ಚಿ, ಇನ್ನೊಂದು ದಿನ ಮೆನುವಿನ ಮೂಲಕ ಅಂಗಡಿಗೆ ಹೋಗಿ ಕೊಳ್ಳಿ. ಕಂಪನಿಗೆ ದುಡ್ಡು ಸೇರುತ್ತದೆ, ಆ ಖರೀದಿ ನೇರವಾಗಿ ಪಾಪ್-ಅಪ್‌ನ ಲೆಕ್ಕಕ್ಕೆ ಬೀಳುವುದಿಲ್ಲ.

ಆಟದ ಸೆಟ್ಟಿಂಗ್‌ನಲ್ಲಿ ಒಮ್ಮೆ ಹುಡುಕಿ ನೋಡಿ. ಕೆಲವು ಆಟಗಳಲ್ಲಿ ಆಫರ್‌ಗಳ ಸೂಚನೆ ನಿಲ್ಲಿಸುವ ಆಯ್ಕೆ ಇರುತ್ತದೆ, ಸಾಮಾನ್ಯವಾಗಿ ತೀರಾ ಒಳಗೆ. ಫೋನಿನಲ್ಲಿ ಆಡುವುದಾದರೆ ಆ ಆಟದ ನೋಟಿಫಿಕೇಶನ್ ಫೋನಿನ ಸೆಟ್ಟಿಂಗ್‌ನಿಂದಲೇ ನಿಲ್ಲಿಸಿ. ಕಾರ್ಡಿನ ವಿವರ ಖಾತೆಯಲ್ಲಿ ಉಳಿಸಿಡಬೇಡಿ. ಪ್ರತಿ ಸಲ ಟೈಪ್ ಮಾಡುವ ಆ ಒಂದು ನಿಮಿಷದಲ್ಲಿ ಎಷ್ಟೋ ಖರೀದಿಗಳು ಬೇಡ ಅನ್ನಿಸಿಬಿಡುತ್ತವೆ. ಮನೆಯಲ್ಲಿ ಮಕ್ಕಳೂ ಅದೇ ಸಾಧನದಲ್ಲಿ ಆಡುತ್ತಿದ್ದರೆ ಇದನ್ನು ಇವತ್ತೇ ಮಾಡಿ. ಐಫೋನ್‌ನ ಸ್ಕ್ರೀನ್ ಟೈಮ್‌ನಲ್ಲಿ ಆಪ್ ಒಳಗಿನ ಖರೀದಿಯನ್ನು ಪೂರ್ತಿ ನಿಲ್ಲಿಸಬಹುದು. ಗೂಗಲ್ ಪ್ಲೇಯಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಬಹುದು. ಏನಾದರೂ ಕೈತಪ್ಪಿ ಕೊಂಡಾಗಿದ್ದರೆ ತಡ ಮಾಡದೆ ರಿಫಂಡ್ ಕೇಳಿ. ಗೂಗಲ್ ಪ್ಲೇಯಲ್ಲಿ 48 ಗಂಟೆಯೊಳಗೆ ಕೇಳಿದರೆ ದಾರಿ ಸುಲಭ.

ಆಟ ಬಿಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಪತ್ರದ ಸಾಲುಗಳ ನಡುವೆ ಆ ಪ್ರಶ್ನೆ ಇದ್ದ ಹಾಗಿದೆ. ಐದು ವರ್ಷ ಆಡಿದ ಆಟದಲ್ಲಿ ಗೆಳೆತನ ಇರುತ್ತದೆ, ನೆನಪು ಇರುತ್ತದೆ. ಇಷ್ಟಕ್ಕೆ ಬಿಡಿ ಅಂತ ನಾನು ಹೇಳುವುದಿಲ್ಲ. ಬಿಡುವ ದಿನ ಬಂದರೆ ಮಾತ್ರ ಸುಮ್ನೆ ಹೋಗಬೇಡಿ. ಹೋಗುವಾಗ ಕಾರಣ ಕೇಳಿದರೆ ಎರಡು ಮಾತು ಬರೆದು ಹೋಗಿ. ಆ ಎರಡು ವಾರದ ಟೆಸ್ಟ್‌ನಲ್ಲಿ ಸಿಗದ ಅಂಕಿ ಅದೊಂದೇ.

ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡಿ. ಒಂದು ವಾರ, ಲಾಗಿನ್ ಆದ ಮೇಲೆ ಮೊದಲ ಮ್ಯಾಚ್ ಶುರುವಾಗುವ ತನಕ ಎಷ್ಟು ಸಲ ಮುಚ್ಚಬೇಕಾಯಿತು ಅಂತ ಎಣಿಸಿ ಬರೆದಿಡಿ. ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆಟದ ಸಹಾಯ ವಿಭಾಗಕ್ಕೆ ಹೀಗೆ ಬರೆಯಿರಿ:

'ಲಾಗಿನ್ ಪಾಪ್-ಅಪ್ ಬಗ್ಗೆ ದೂರು. ಐದು ವರ್ಷದಿಂದ ಆಡುತ್ತಿದ್ದೇನೆ, ಆಟವನ್ನು ಪೂರ್ತಿ ಬೆಲೆಗೆ ಕೊಂಡಿದ್ದೇನೆ. ಈ ವಾರ ಇಷ್ಟು ಸಲ ಲಾಗಿನ್ ಆದೆ, ಇಷ್ಟು ಪಾಪ್-ಅಪ್ ಮುಚ್ಚಿದೆ. ಆಯುಧದ ಮೆನುವಿನಲ್ಲಿ ನನ್ನದಲ್ಲದ ಸಾಮಾನು ತೋರಿಸಬೇಡಿ. ಅಂಗಡಿಯ ಕೆಂಪು ಚುಕ್ಕೆ ನಿಲ್ಲಿಸುವ ಆಯ್ಕೆ ಕೊಡಿ. ಈ ಕಾರಣಕ್ಕೆ ನಾನು ಮೊದಲಿಗಿಂತ ಕಡಿಮೆ ಆಡುತ್ತಿದ್ದೇನೆ.'

ಬೈಗುಳ ಬೇಡ. ಅದನ್ನು ಓದುವವರು ಪಾಪ್-ಅಪ್ ಹಾಕಿದವರಲ್ಲ, ಮತ್ತು ಬೈಗುಳ ಇರುವ ಪತ್ರಗಳನ್ನು ಬದಿಗಿಡುವುದು ಸುಲಭ. ಗೆಳೆಯರಲ್ಲಿ ನಾಲ್ಕು ಜನ ಒಪ್ಪಿದರೆ ಅವರೂ ತಮ್ಮದೇ ಮಾತಿನಲ್ಲಿ ಬರೆಯಲಿ. ಒಂದೇ ಪತ್ರದ ನಕಲುಗಳನ್ನು ಒಂದೇ ದೂರು ಅಂತ ಸೇರಿಸಿಬಿಡುವುದುಂಟು.

ನಿಮಗೆ ಬರುವ ಉತ್ತರ ಬಹುಶಃ ಮೊದಲೇ ಬರೆದಿಟ್ಟ ನಾಲ್ಕು ಸಾಲು ಆಗಿರುತ್ತದೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಾನಿದ್ದ ಕಡೆ ಪ್ರತಿ ದೂರಿಗೂ ಒಂದು ವಿಷಯದ ಚೀಟಿ ಅಂಟಿಸುತ್ತಿದ್ದರು. ವಾರದ ಕೊನೆಗೆ ಯಾವ ಚೀಟಿ ಎಷ್ಟು ಅಂತ ಎಣಿಸಿ ಮೇಲಿನವರಿಗೆ ಕಳಿಸುತ್ತಿದ್ದರು. 'ಆಟ ಹಾಳಾಗಿದೆ' ಅಂತ ಬರೆದವರದ್ದು 'ಇತರೆ'ಗೆ ಬೀಳುತ್ತಿತ್ತು, 'ಇತರೆ'ಯನ್ನು ಯಾರೂ ಓದುತ್ತಿರಲಿಲ್ಲ. ಮೊದಲ ಸಾಲಿನಲ್ಲೇ 'ಲಾಗಿನ್ ಪಾಪ್-ಅಪ್' ಅಂತ ಬರೆಯಲು ಹೇಳಿದ್ದು ಅದಕ್ಕೇ.